ಈ ವಾರದ ಸಮಸ್ಯೆ: ಗಿಡದಂತೆ ಬೆಳೆದ ಕಲ್ಲು

ಮೇಷ್ಟ್ರು: ಎಲ್ರಿಗೂ ನಮಸ್ಕಾರ. ಈ ಸಲ ಭಾಮಿನಿ ಷಟ್ಪದಿ, ಅಂದ್ರೆ ಆರು ಸಾಲಿನ ಪದ್ಯ. ಕೊನೇ ಸಾಲು ನಾನು ಕೊಡ್ತೀನಿ, ಅದಕ್ಕೆ ಹೊಂದೋ ಹಾಗೆ ಮೊದಲ ಐದು ನೀವು ಬರೀಬೇಕು. ಆ ಸಾಲು ಇದು:

*ಕಲ್ಲು ಬೆಳೆಯಿತು ಕಡಲ ನಡುಗಡ್ಡೆಯಲಿ ಗಿಡದಂತೆ*

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿರೋ ಕ್ಯಾಲನಿಶ್ ಕಲ್ಲುಗಳನ್ನ ಮನಸ್ಸಲ್ಲಿಟ್ಕೊಂಡೇ ಕೊಟ್ಟಿದ್ದು. ಸುಮಾರು 5000 ವರ್ಷದ ಹಿಂದೆ ನಿಲ್ಸಿದ್ದು, ಸುತ್ತ 13, ನಡುವೆ ಒಂದು, ಆ ನಡುವಿಂದು 4.8 ಮೀಟರ್ ಎತ್ತರ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಬರೋ ಪ್ರಾಸ ‘ಲ್ಲ’, ಸಲೀಸು. ಆದ್ರೆ ಕನಸಲ್ಲಿ ಬೆಳೀತು ಅಂತ ಜಾರ್ಕೋಬೇಡಿ, ನಿಜವಾಗ್ಲೂ ಬೆಳೀಬೇಕು.

ಲಘುಗುರು: ಬಸ್ಸಲ್ಲಿದೀನಿ ಸಾರ್, ಸದ್ಯಕ್ಕೆ ಅರ್ಧ ತಗೊಳಿ.

ಅಲ್ಲಿ ಹದಿನೆಂಟು ವರುಷಕೊಮ್ಮೆ
ಮೆಲ್ಲ ತೆವಳುವ ಚಂದ್ರನಿಳಿಯಲು
ಹುಲ್ಲ ಮೇಲಿನ ನೆಳಲು ಚಾಚಿತು ಬೆಟ್ಟದಂಚಿನಲಿ

18.6 ವರ್ಷಕ್ಕೊಂದ್ಸಲ ಅಲ್ಲಿ ಚಂದ್ರ ತೀರಾ ಕೆಳಗೆ, ಗುಡ್ಡದ ಮೈಗೆ ಅಂಟ್ಕೊಂಡ ಹಾಗೇ ಹೋಗ್ತಾನಂತೆ, ಅದನ್ನ ಹಿಡಿಯಕ್ಕೆ ಹೋದೆ.

ಮೇಷ್ಟ್ರು: ಚಂದ್ರ ಚೆನ್ನಾಗಿದಾನಪ್ಪ, ಆದ್ರೆ ಮೊದಲ ಸಾಲಲ್ಲಿ ‘ಷಕೊಮ್ಮೆ’ ಜಗಣ ಆಯ್ತು, ಅಂದ್ರೆ ಗಿಡ್ಡ-ಉದ್ದ-ಗಿಡ್ಡ ಅಕ್ಷರ, ಎಡವುತ್ತೆ. ‘ಅಲ್ಲಿ ಹದಿನೆಂಟಾಗೆ ವರುಷವು’ ಅನ್ನು. ಇನ್ನೊಂದು, ಬೆಳೆದಿದ್ದು ನೆರಳು, ಕಲ್ಲಲ್ಲ.

ಲಘುಗುರು: ಅಯ್ಯೋ ಹೌದಲ್ಲ! ಕ್ರೈಸ್ತರಾಗಲ್ಲ ಅಂದ ದೈತ್ಯರನ್ನ ಸಂತನೊಬ್ಬ ಕಲ್ಲು ಮಾಡಿದ ಅಂತ ಅಲ್ಲೊಂದು ಕಥೆ ಇದೆ, ಅದನ್ನ ತರ್ಲಾ?

ಮೇಷ್ಟ್ರು: ಅದು ದೈತ್ಯ ಕಲ್ಲಾಗಿದ್ದು ಮಾರಾಯ, ಕಲ್ಲು ಬೆಳೆದಿದ್ದೆಲ್ಲಿ?

ಸುಮ್ನೆ ಓದೋಳು: ನಾನೂ ಒಂದು ಹಾಕ್ತೀನಿ, ಬೈಬೇಡಿ.

ಹುಲ್ಲು ಕೊಳೆಯುತ ವರುಷ ವರುಷವು
ಮೆಲ್ಲ ಮೆಲ್ಲನೆ ಮುಚ್ಚಿಬಿಟ್ಟಿತು
ನಿಲ್ಲಿಸಿದ್ದಾ ಕಲ್ಲ ಕಾಲನು ಎದೆಯ ಮಟ್ಟಕ್ಕೆ
ಬಲ್ಲ ಕೈಗಳು ಬಗೆದು ಮಣ್ಣನು
ಚೆಲ್ಲಲಾಚೆಗೆ ಬುಡವು ಕಂಡಿತು
ಕಲ್ಲು ಬೆಳೆಯಿತು ಕಡಲ ನಡುಗಡ್ಡೆಯಲಿ ಗಿಡದಂತೆ

ಮೇಷ್ಟ್ರು: ಭಲೇ ತಾಯಿ! ‘ಕಾಲನು ಎದೆಯ’ ವಿಸಂಧಿ, ಅಂದ್ರೆ ಎರಡು ಪದ ಸಂಧಿಯಾಗದೆ ಬಿಡಿಯಾಗೇ ಉಳಿದಿವೆ, ಇರ್ಲಿ, ನಡೆಯುತ್ತೆ.

ಸಮಸ್ಯೆ ಕೊಟ್ಟೋನು ನಾನೇ ಹೇಳ್ತೀನಿ, ನನ್ನ ಮನಸ್ಸಲ್ಲಿದ್ದಿದ್ದೂ ಇದೇ. ಅಲ್ಲಿ ಪೀಟ್ ಅಂತಾರೆ, ಹುಲ್ಲು ಪಾಚಿ ನೀರಲ್ಲಿ ಅರ್ಧಂಬರ್ಧ ಕೊಳೆತು ಆದ ಕಪ್ಪು ಮಣ್ಣು, ಇಟ್ಟಿಗೆ ಥರ ಕತ್ತರಿಸಿ ಒಣಗಿಸಿ ಒಲೆಗೆ ಹಾಕ್ತಾರೆ. ಸಾವಿರಾರು ವರ್ಷ ಸೇರಿ ಸೇರಿ ಕಲ್ಲುಗಳ ಸುತ್ತ ಒಂದೂವರೆ ಮೀಟರಷ್ಟಾಗಿತ್ತು, 1857ರಲ್ಲಿ ದ್ವೀಪದ ಒಡೆಯ ಜೇಮ್ಸ್ ಮ್ಯಾಥೆಸನ್ ತೆಗೆಸಿದ. ಅಲ್ಲೀವರೆಗೂ ಕಲ್ಲು ಅಷ್ಟೇ ಎತ್ತರ ಅಂತ ನೋಡ್ತಿದ್ದ ಜನಕ್ಕೆ ಹೆಂಗಾಗಿರ್ಬೇಡ! ಅಕ್ಕ, ಮುಂದಿನ ಸಮಸ್ಯೆ ನಿಮ್ದು.

ಸುಮ್ನೆ ಓದೋಳು: ಕುಕ್ಕರ್ ಇಟ್ಟಿದೀನಿ, ಮೂರು ಸೀಟಿ ಆಗ್ಲಿ, ಕೊಡ್ತೀನಿ.

ಲಘುಗುರು: ನಂದು ಇನ್ನೂ ಅರ್ಧ ಇದೆ ಕಣಕ್ಕ!