ಮನೆಯಲ್ಲೇ ಮರದ ಆಟಿಕೆ: ಗರಗಸ ಯಾವುದು, ಮರ ಯಾವುದು, ಬಣ್ಣ ಯಾವುದು?

ಪ್ರಶ್ನೆ, ದಾವಣಗೆರೆ ನಿಟ್ಟುವಳ್ಳಿಯಿಂದ

ನಮಸ್ಕಾರ. ಮನೆಯಲ್ಲೇ ಬ್ಲೌಸ್ ಹೊಲಿದುಕೊಡುವ ಕೆಲಸ ನನ್ನದು. ಮಗನಿಗೆ 7 ವರ್ಷ, ಮಗಳಿಗೆ 2. ಪ್ಲಾಸ್ಟಿಕ್ ಆಟಿಕೆಗಳು ತಂದ ವಾರಕ್ಕೇ ಮುರಿದು ಮೂಲೆ ಸೇರುತ್ತವೆ. ಮರದ ಎತ್ತು, ಗಾಡಿ, ಜೋಡಿಸುವ ಪಜಲ್ ಇಂಥವನ್ನು ನಾನೇ ಮಾಡಬೇಕು ಅಂತ ಆಸೆ. ವಿಡಿಯೋಗಳಲ್ಲಿ ಸ್ಕ್ರೋಲ್ ಸಾ ಅನ್ನುವ, ಸಣ್ಣ ಬ್ಲೇಡು ಮೇಲೆ ಕೆಳಗೆ ಆಡುತ್ತಾ ಮರ ಕೊಯ್ಯುವ ಮೆಷಿನ್ ನೋಡಿದೆ. ಅದೇ ಬೇಕಾ, ಕೈಯಲ್ಲೇ ಆಗುತ್ತದಾ? ನಮ್ಮ ಕಡೆ ಯಾವ ಮರ ಒಳ್ಳೆಯದು? ಮಗಳು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಾಳೆ, ಬಣ್ಣಕ್ಕೆ ಏನು ಮಾಡಲಿ? ಜಾಗ ಅಂದರೆ ಹಿಂದಿನ ವರಾಂಡ ಅಷ್ಟೇ. ಮಾಡಿ ಗೊತ್ತಿರುವವರು ಹೇಳಿ.

ಚಿತ್ರದುರ್ಗದಿಂದ

ಅಕ್ಕ, ಗರಗಸದ ವಿಷಯ ನಾನು ಹೇಳುತ್ತೇನೆ. ಮರದ ವಿಷಯಕ್ಕೆ ಬಡಗಿ ಕೆಲಸದವರು ಯಾರಾದರೂ ಬರಲಿ.

ಮೆಷಿನ್‌ಗೆ ಅವಸರ ಬೇಡ. ಮೊದಲು ಕೈಯಲ್ಲಿ ಹಿಡಿಯುವ ಫ್ರೆಟ್ ಸಾ ತಗೊಳ್ಳಿ, ಅಂದರೆ 'ಯು' ಆಕಾರದ ಚೌಕಟ್ಟಿಗೆ ಸಣ್ಣ ಬ್ಲೇಡು ಬಿಗಿದ ಗರಗಸ. 4 ಮಿ.ಮೀ., 6 ಮಿ.ಮೀ. ಪ್ಲೈವುಡ್ ಅದರಲ್ಲಿ ಸಲೀಸಾಗಿ ಕೊಯ್ಯಬಹುದು. ಒಂದು ಹಲಗೆಯ ತುದಿಯಲ್ಲಿ 'ವಿ' ಆಕಾರ ಕೊಯ್ದು ಟೇಬಲ್ ಅಂಚಿಗೆ ಬಿಗಿದುಬಿಡಿ. ಕೆಲಸದ ತುಂಡನ್ನು ಅದರ ಮೇಲೆ ಒತ್ತಿ ಹಿಡಿದು, ಗರಗಸವನ್ನು ನೆಟ್ಟಗೆ ಮೇಲೆ ಕೆಳಗೆ ಆಡಿಸಬೇಕು. ಹಲ್ಲು ಕೆಳಮುಖವಾಗಿರಲಿ.

ಮುಂದೆ ಮೆಷಿನ್ ತಗೊಳ್ಳುವುದಾದರೆ ಮೊದಲು ನೋಡಬೇಕಾದದ್ದು ಬ್ಲೇಡು ಹಿಡಿಯುವ ಜಾಗ. ತುದಿಯಲ್ಲಿ ಅಡ್ಡ ಪಿನ್ ಇರುವ ಬ್ಲೇಡು ಒಂದು ಜಾತಿ, ಬೋಳು ತುದಿಯದು ಇನ್ನೊಂದು. ಪಿನ್ ಬ್ಲೇಡು ಹಾಕುವುದು ಸುಲಭ, ಆದರೆ ಒಳಗಿನ ಜಾಗ ಕೊಯ್ಯುವಾಗ ಪಿನ್ ತೂರುವಷ್ಟು ದೊಡ್ಡ ತೂತು ಬೇಕಾಗುತ್ತದೆ. ಜಾಲಿ ಕೆಲಸ, ಅಕ್ಷರ, ಎತ್ತಿನ ಕಣ್ಣು ಇಂಥದ್ದಕ್ಕೆಲ್ಲ ಅದು ತೊಂದರೆ. 5 ಇಂಚಿನ ಬೋಳು ಬ್ಲೇಡು ಹಿಡಿಯುವ ಮೆಷಿನ್ನೇ ತಗೊಳ್ಳಿ. ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿ ಇರಲಿ. ಬ್ಲೇಡಿನಿಂದ ಮೆಷಿನ್ನಿನ ಹಿಂದಿನ ಕಂಬದವರೆಗೆ 16 ಇಂಚು ಜಾಗವಿದ್ದರೆ ಆಟಿಕೆಗೆ ಧಾರಾಳ.

ಹಾರ್ಡ್‌ವೇರ್ ಅಂಗಡಿಯಲ್ಲಿ ಬ್ಲೇಡು ಸಿಗದಿದ್ದರೆ ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಗೆ ಹೋಗಿ. ಬೆಳ್ಳಿ ಬಂಗಾರ ಕೊಯ್ಯುವ ಬ್ಲೇಡೂ ಸಾಮಾನ್ಯವಾಗಿ ಇದೇ 5 ಇಂಚು, ಬೋಳು ತುದಿ. ಹಲ್ಲು ತುಂಬಾ ಸಣ್ಣ, ಹಾಗಾಗಿ 3–4 ಮಿ.ಮೀ. ಪ್ಲೈಗೆ ಚೆಂದ. ದಪ್ಪ ಮರಕ್ಕೆ ಹಾಕಿದರೆ ಹೊಟ್ಟು ತುಂಬಿಕೊಂಡು ಮರ ಸುಡುತ್ತದೆ. 12ರಿಂದ 18 ಮಿ.ಮೀ. ಮರಕ್ಕೆ ಹಲ್ಲು ದೊಡ್ಡದಿರುವ 5ನೇ ನಂಬರ್ ಬ್ಲೇಡು ತರಿಸಿ.

ಇನ್ನು ಕೊಯ್ಯುವುದು. ಹೊಲಿಗೆ ಮೆಷಿನ್‌ನಲ್ಲಿ ಕತ್ತಿನ ತಿರುವು ಬಂದಾಗ ಬಟ್ಟೆ ತಿರುಗಿಸುತ್ತೀರಲ್ಲ, ಇಲ್ಲೂ ಕೈಗೆ ಅದೇ ಕೆಲಸ. ನಮಗಿಂತ ಬೇಗ ನಿಮಗೆ ಬರುತ್ತದೆ. ಒಂದೇ ವ್ಯತ್ಯಾಸ, ಗೆರೆ ನೆಟ್ಟಗಿದ್ದರೂ ಮರವನ್ನು ಸ್ವಲ್ಪ ಓರೆಯಾಗಿ ತಳ್ಳಬೇಕಾಗುತ್ತದೆ. ಬಹಳಷ್ಟು ಬ್ಲೇಡುಗಳಿಗೆ ಒಂದು ಮಗ್ಗುಲಲ್ಲಿ ಸಣ್ಣ ಒರಟು ಅಂಚು ಉಳಿದಿರುತ್ತದೆ, ಅದು ಆ ಕಡೆಗೇ ಎಳೆಯುತ್ತದೆ. ಮೆಷಿನ್ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ.

ಬ್ಲೇಡು ಬಿಗಿಯಾಗಿದೆಯಾ ಅಂತ ಬೆರಳಲ್ಲಿ ಮೀಟಿ ನೋಡಿ. ಟಿಣ್ ಅನ್ನಬೇಕು. ಸಡಿಲ ಇದ್ದರೂ ತುಂಡಾಗುತ್ತದೆ, ಪಕ್ಕಕ್ಕೆ ಒತ್ತಿದರೂ ತುಂಡಾಗುತ್ತದೆ. ಬ್ಲೇಡು ನೆಟ್ಟಗಿದೆಯಾ ಅಂತ ತಿಳಿಯಲು ಒಂದು ದಪ್ಪ ಚೂರಿನಲ್ಲಿ ಸಣ್ಣ ಗಾಯ ಮಾಡಿ, ಆಮೇಲೆ ಅದೇ ಚೂರನ್ನು ಬ್ಲೇಡಿನ ಬೆನ್ನ ಹಿಂದೆ ತಂದು ಆ ಗಾಯ ಬ್ಲೇಡಿಗೆ ಕೂರುತ್ತದಾ ನೋಡಿ. ಕೂರದಿದ್ದರೆ ಮೇಜು ಓರೆಯಾಗಿದೆ ಅಂತ ಅರ್ಥ. ಚಿತ್ರ ಅಂಟಿಸುವ ಮೊದಲು ಮರಕ್ಕೆ ಮಾಸ್ಕಿಂಗ್ ಟೇಪ್ ಹಾಕಿ, ಅದರ ಮೇಲೆ ಕಾಗದ ಅಂಟಿಸಿ. ಕೊನೆಗೆ ಒಟ್ಟಿಗೇ ಕಿತ್ತು ಬರುತ್ತದೆ, ಉಜ್ಜಿ ಸಾಯಬೇಕಿಲ್ಲ.

ಹರಿಹರದಿಂದ

ಮೇಲಿನವರ ಮಾತಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ದಿನವಿಡೀ ಕತ್ತರಿ ಹಿಡಿಯುವ ಕೈಗೆ ಸಂಜೆ ಮತ್ತೆ ಕೈ ಗರಗಸ ಕೊಟ್ಟರೆ ಮಣಿಕಟ್ಟು ಏನಾಗಬೇಕು? ದುಡ್ಡು ಹೊಂದುವುದಾದರೆ ನೇರ ಮೆಷಿನ್ನೇ ತಗೊಳ್ಳಿ ಮೇಡಂ. ಕರೆಂಟ್ ಜಾಸ್ತಿ ತಿನ್ನುವ ಮೋಟಾರಲ್ಲ ಅದು.

ಆದರೆ ನಡುಗುತ್ತದೆ. ಭಾರದ ಬೆಂಚಿಗೆ ಬೋಲ್ಟ್ ಹಾಕಿ ಕೂರಿಸಿ, ಅಡಿಗೆ ಹಳೇ ಲಾರಿ ಟ್ಯೂಬಿನ ರಬ್ಬರ್ ಹಾಕಿ. ಸೆರಗು, ದುಪಟ್ಟ, ಬಿಚ್ಚಿದ ಕೂದಲು, ತಾಳಿ ಸರ ಎಲ್ಲ ಒಳಗೆ. ಕಣ್ಣಿಗೆ ಕನ್ನಡಕ, ಮೂಗಿಗೆ ಎನ್95 ಮಾಸ್ಕ್. ಇದರ ಹೊಟ್ಟು ಬಹಳ ನಯ, ಎಲ್ಲಿಗೆ ಬೇಕಾದರೂ ಹೋಗುತ್ತದೆ. ಹೊಲಿಗೆಯ ಕೋಣೆ ಬಾಗಿಲು ಹಾಕಿಟ್ಟೇ ಮೆಷಿನ್ ಹಚ್ಚಿ. ಗಿರಾಕಿಯ ರೇಷ್ಮೆ ಬ್ಲೌಸ್ ಮೇಲೆ ಅದು ಕೂತರೆ ಉತ್ತರ ಹೇಳುವವರು ನೀವು.

ದಾವಣಗೆರೆಯಿಂದ, ಬಡಗಿ ಕೆಲಸ

ನೋಡಮ್ಮ, ಮರಕ್ಕೆ ದುಡ್ಡು ಸುರಿಯಬೇಡ. ಬಾಗಿಲು ಕಿಟಕಿ ಮಾಡುವ ಯಾವ ಅಂಗಡಿಗೆ ಹೋದರೂ ತೇಗದ ತುಂಡು, ಹೆಬ್ಬೇವಿನ ರೀಪು ಮೂಲೆಯಲ್ಲಿ ಬಿದ್ದಿರುತ್ತವೆ. ಕೇಳಿದರೆ ಕೊಡುತ್ತಾರೆ. ಹೆಬ್ಬೇವು ಹಗುರ, ಕೊಯ್ಯಲು ಮೆದು. ಬೇವೂ ಆಗುತ್ತದೆ, ಮಾವೂ ಆಗುತ್ತದೆ. ಹುಣಸೆಗೆ ಕೈ ಹಾಕಬೇಡ, ಬ್ಲೇಡು ಅಳುತ್ತದೆ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಆದರೆ ಮುದ್ರೆ ನೋಡು. 'ಎಚ್‌ಟಿ' ಅಂತಿದ್ದರೆ ಬಿಸಿ ಮಾಡಿ ಹುಳು ಕೊಂದಿದ್ದು. 'ಎಂಬಿ' ಅಂತಿದ್ದರೆ ವಿಷದ ಗಾಳಿ ಹಾಯಿಸಿದ್ದು, ಮಕ್ಕಳ ಸಾಮಾನಿಗೆ ಬೇಡ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಕೂಡ ಬೇಡ, ಜೊಲ್ಲು ಬಿದ್ದರೆ ಉಬ್ಬುತ್ತದೆ.

ಚನ್ನಪಟ್ಟಣದವರು ಆಲೆ ಮರ ಬಳಸುತ್ತಾರೆ ಅಂತ ಅದನ್ನೇ ಹುಡುಕಿಕೊಂಡು ಹೋಗಬೇಡ. ಅವರದು ಕಡೆಯುವ ಕೆಲಸ, ಮರ ಗಿರಗಿರ ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತುತ್ತಾರೆ. ಕೊಪ್ಪಳದ ಕಿನ್ನಾಳದವರದು ಕೆತ್ತುವ ಕೆಲಸ. ನಿನ್ನದು ಹಲಗೆ ಕೊಯ್ಯುವುದು, ದಾರಿಯೇ ಬೇರೆ.

ಹಸಿ ಮರ ಮಾತ್ರ ತರಬೇಡ. ಮಲೆನಾಡಿನಿಂದ ಬಂದ ಮರ ನಮ್ಮ ಬಯಲುಸೀಮೆ ಗಾಳಿಗೆ ಕುಗ್ಗುತ್ತದೆ. ಅದೂ ನಾರಿನ ಅಡ್ಡಕ್ಕೆ ಹೆಚ್ಚು, ಉದ್ದಕ್ಕೆ ಕಡಿಮೆ. ಇವತ್ತು ದುಂಡಗೆ ಕೊಯ್ದ ಗಾಲಿ ಬೇಸಿಗೆಗೆ ಮೊಟ್ಟೆಯಾಗಿರುತ್ತದೆ.

ಎತ್ತು ಮಾಡುತ್ತೀನಿ ಅಂದೆಯಲ್ಲ. ನಮ್ಮ ಕಡೆಯ ಅಮೃತ ಮಹಲ್ ಎತ್ತಿನ ಕೊಂಬು ಉದ್ದ, ಚೂಪು. ಅದನ್ನು ಹಲಗೆಯಲ್ಲಿ ಹಾಗೇ ಕೊಯ್ದರೆ ನಾರು ಕೊಂಬಿಗೆ ಅಡ್ಡ ಬಂದ ಕಡೆ ಬೆರಳು ತಾಗಿದರೂ ಲಟಕ್ ಅನ್ನುತ್ತದೆ. ಮೈ, ಕಾಲು ಮರದಲ್ಲಿ ಮಾಡು, ನಾರು ಕಾಲಿನ ಉದ್ದಕ್ಕೆ ಹೋಗಲಿ. ಕೊಂಬು, ಬಾಲ ಪ್ಲೈವುಡ್‌ನಲ್ಲಿ ಕೊಯ್ದು, ಮೈಯಲ್ಲಿ ಸಣ್ಣ ಸಂದು ಮಾಡಿ ಅದರೊಳಗೆ ಕೂರಿಸಿ ಅಂಟಿಸು. ಪ್ಲೈನಲ್ಲಿ ಪದರ ಅಡ್ಡಡ್ಡ ಇರುವುದರಿಂದ ತಡೆಯುತ್ತದೆ. ತುದಿ ಮೊಂಡು ಮಾಡಿ ಉಪ್ಪುಕಾಗದ ಹಾಕು, ಮಕ್ಕಳ ಕಣ್ಣು. ಗಾಲಿಯ ಅಚ್ಚು 6 ಮಿ.ಮೀ. ಆದರೆ ಮೈಯಲ್ಲಿ ತೂತು 7 ಮಿ.ಮೀ. ಇರಲಿ. ಗೋಂದು ಗಾಲಿಗೆ ಮಾತ್ರ, ಮೈಗೆ ತಾಗಬಾರದು.

ಚಳ್ಳಕೆರೆಯಿಂದ

ಬಣ್ಣದ ವಿಷಯ ನನಗೆ ಬಿಡಿ ಅಕ್ಕ. ನಮ್ಮೂರು ಎಣ್ಣೆಗೆ ಹೆಸರಾದ ಊರು, ಹಾಗಂತ ಶೇಂಗಾ ಎಣ್ಣೆ ಹಚ್ಚಬೇಡಿ. ಅದು ಮರದ ಮೇಲೆ ಒಣಗುವುದಿಲ್ಲ, ದಿನ ಕಳೆದಂತೆ ಕಮಟು ವಾಸನೆ ಬರುತ್ತದೆ. ಶೇಂಗಾ ಆಗಿಬರದ ಮಕ್ಕಳೂ ಇರುತ್ತಾರೆ. ಒಣಗುವ ಎಣ್ಣೆ ಬೇಕು, ಅಂದರೆ ಅಗಸೆ ಎಣ್ಣೆ. ಅದರಲ್ಲೂ ಪೇಂಟ್ ಅಂಗಡಿಯ 'ಬಾಯಿಲ್ಡ್' ಡಬ್ಬ ಬೇಡ, ಬೇಗ ಒಣಗಲಿ ಅಂತ ಅದಕ್ಕೆ ಲೋಹದ ಲವಣ ಸೇರಿಸಿರುತ್ತಾರೆ. ಬರೀ ಎಣ್ಣೆ ತೆಳ್ಳಗೆ ಹಚ್ಚಿ, ವಾರಗಟ್ಟಲೆ ಒಣಗಲು ಬಿಡಿ, ಮೇಲೆ ಜೇನುಮೇಣ ತಿಕ್ಕಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಎಸೆಯಬೇಡಿ. ಅದು ತಾನೇ ಕಾವೇರಿ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಒಣಹಾಕಿ.

ಬೇಗ ಆಗಬೇಕು ಅಂದರೆ ಅರಗು. ಫ್ರೆಂಚ್ ಪಾಲಿಶ್‌ಗೆ ಬಳಸುವ ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುವುದು. ಒಲೆಯಿಂದ ದೂರ, ಗಾಳಿಯಾಡುವ ಕಡೆ. ಬಣ್ಣ ಬೇಕಿದ್ದರೆ ಮೊದಲು ಅಡುಗೆ ಬಣ್ಣ ಹಚ್ಚಿ ಒಣಗಿಸಿ, ಅದರ ಮೇಲೆ ಅರಗು. ಅರಿಶಿನ ನೋಡಲು ಚೆಂದ, ಬಿಸಿಲಿಗೆ ಮಾಸುತ್ತದೆ.

ಮನೆಯಲ್ಲಿ ಉಳಿದ ಹಳೇ ಗೇಟಿನ ಪೇಂಟ್ ಮಾತ್ರ ಮುಟ್ಟಬೇಡಿ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ.

ಇನ್ನೊಂದು. ಒಂದು ಹಲಗೆ ಚೂರಿಗೆ 32 ಮಿ.ಮೀ. ತೂತು ಕೊರೆದು ಇಟ್ಟುಕೊಳ್ಳಿ. ಅದರೊಳಗೆ ತೂರುವ ಯಾವ ಬಿಡಿ ಭಾಗವನ್ನೂ ಮಗಳ ಕೈಗೆ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಮಗನ ಪಜಲ್ ಅಟ್ಟದ ಮೇಲಿರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಸಾಲಿಗರ ಅಂಗಡಿ ತಲೆಗೇ ಹೊಳೆದಿರಲಿಲ್ಲ. ಕೈ ಕುದುರಿದ ಮೇಲೆ ದುಗ್ಗಮ್ಮನ ಜಾತ್ರೆಯಲ್ಲಿ ನಾಲ್ಕು ಆಟಿಕೆ ಮಾರಬಹುದಾ?

ಹರಿಹರದಿಂದ

ಸುಮ್ನೆ ಇಟ್ಟು ಮಾರುವ ಹಾಗಿಲ್ಲ ಮೇಡಂ. 2021ರ ಜನವರಿ 1ರಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ಹೆಸರು ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವುದಕ್ಕೆ ವಿನಾಯಿತಿ ಇದೆ. ನೋಂದಣಿ ಆಗುವವರೆಗೆ ಮನೆ ಹೆಸರಿನ ಫಲಕ, ಕೀ ತೂಗುಹಾಕುವ ಹಲಗೆ, ದೇವರ ಮನೆಯ ಜಾಲಿ ಮಾಡಿ ಮಾರಿ. ಅವು ಆಟಿಕೆ ಅಲ್ಲ.

ಚಿತ್ರದುರ್ಗದಿಂದ

ಅಕ್ಕ, ಮಗನಿಗೆ ಒಂದು ಐಡಿಯಾ ಕೊಡುತ್ತೇನೆ. ನಮ್ಮ ಏಳು ಸುತ್ತಿನ ಕೋಟೆ. 18 ಮಿ.ಮೀ. ಹಲಗೆಯ ಮೇಲೆ ಒಂದರೊಳಗೊಂದು ಏಳು ಸುತ್ತು ಬರೆಯಿರಿ, ಬೆಟ್ಟದ ಹಾಗೆ ಅಂಕುಡೊಂಕು ಇರಲಿ. ಮೆಷಿನ್ನಿನ ಮೇಜನ್ನು 2–3 ಡಿಗ್ರಿ ಓರೆ ಮಾಡಿ ಕೊಯ್ಯಿರಿ. ಒಳಗಿನ ಸುತ್ತನ್ನು ಕೆಳಗಿನಿಂದ ತಳ್ಳಿದರೆ ಹಲಗೆಯ ದಪ್ಪದ ಅರ್ಧದಷ್ಟು ಮೇಲೆದ್ದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಏಳೂ ಎದ್ದರೆ ಗುಡ್ಡವೇ ನಿಲ್ಲುತ್ತದೆ. ಒತ್ತಿದರೆ ಮತ್ತೆ ಚಪ್ಪಟೆ ಹಲಗೆ, ಗೋಂದು ಬೇಕಿಲ್ಲ.

ಬ್ಲೇಡು ತೂರಿಸಲು ಪ್ರತಿ ಸುತ್ತಿಗೂ ಗೆರೆಯ ಮೇಲೇ 1 ಮಿ.ಮೀ. ತೂತು, ಅದೂ ಅಷ್ಟೇ ಓರೆಯಲ್ಲಿ. ಮರವನ್ನು ಕೊನೆಯವರೆಗೂ ಒಂದೇ ಕಡೆಗೆ ತಿರುಗಿಸಬೇಕು. ಸುತ್ತು ಮೇಲೇಳುವ ಬದಲು ಕೆಳಗೆ ಜಾರಿದರೆ ಎದುರು ದಿಕ್ಕಿಗೆ ತಿರುಗಿಸಿ ಕೊಯ್ಯಬೇಕಿತ್ತು ಅಂತ ಅರ್ಥ. ಅದಕ್ಕೇ ಮೊದಲು ಅದೇ ದಪ್ಪದ ಚೂರಿನಲ್ಲಿ ಒಂದು ಸುತ್ತು ಕೊಯ್ದು ನೋಡಿಕೊಳ್ಳಿ. ಬ್ಲೇಡು ದಪ್ಪ ಆದಷ್ಟೂ ಸುತ್ತು ಜಾಸ್ತಿ ಏಳುತ್ತದೆ, ಓರೆ ಜಾಸ್ತಿ ಆದಷ್ಟೂ ಕಡಿಮೆ.

ಇದು ಕೈ ಗರಗಸದಲ್ಲಿ ಆಗುವ ಕೆಲಸ ಅಲ್ಲ. ಈ ಒಂದು ವಿಷಯದಲ್ಲಿ ಹರಿಹರದವರು ಗೆದ್ದರು ಅಂತ ಇಟ್ಟುಕೊಳ್ಳಿ.