ಲೆಸ್ಟರ್‌ನಲ್ಲಿರುವ ಚಿಕ್ಕಪ್ಪನಿಗೆ ಡಿಮೆನ್ಷಿಯಾ: ಕೌನ್ಸಿಲ್ ಟ್ಯಾಕ್ಸ್ ಕಡಿಮೆ ಮಾಡಿಸುವುದು ಹೇಗೆ?

ಡೊಂಬಿವಲಿ ಸುಮಾ:

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪ, ಚಿಕ್ಕಮ್ಮ ಲೆಸ್ಟರ್‌ನಲ್ಲಿ ಸ್ವಂತ ಮನೆಯಲ್ಲಿ ಇಬ್ಬರೇ ಇದ್ದಾರೆ. ಚಿಕ್ಕಪ್ಪನಿಗೆ 78, ಚಿಕ್ಕಮ್ಮನಿಗೆ 73. 2022ರ ಸೆಪ್ಟೆಂಬರ್‌ನಲ್ಲಿ ಮೆಮೊರಿ ಕ್ಲಿನಿಕ್‌ನವರು ಚಿಕ್ಕಪ್ಪನಿಗೆ ಆಲ್ಝೈಮರ್ಸ್ ಎಂದು ಬರೆದುಕೊಟ್ಟರು. 2023ರ ಜನವರಿಯಿಂದ ಅಟೆಂಡೆನ್ಸ್ ಅಲೋವನ್ಸ್ (ದಿನನಿತ್ಯ ನೆರವು ಬೇಕಾದ ಹಿರಿಯರಿಗೆ ಸರ್ಕಾರ ಕೊಡುವ ಭತ್ಯೆ) ಬರುತ್ತಿದೆ. ಕೌನ್ಸಿಲ್ ಟ್ಯಾಕ್ಸ್ (ಅಲ್ಲಿನ ಸ್ಥಳೀಯ ಸಂಸ್ಥೆಗೆ ಕಟ್ಟುವ ಮನೆ ತೆರಿಗೆ) ಬಿಲ್ ಇಬ್ಬರ ಹೆಸರಲ್ಲೂ ಇದೆ. ಮನೆ ಬೆಲೆಯ ದರ್ಜೆ ಬ್ಯಾಂಡ್ ಡಿ, ವರ್ಷಕ್ಕೆ ಸುಮಾರು 2,400 ಪೌಂಡ್. ಇಲ್ಲಿವರೆಗೂ ಪೂರ್ತಿ ಕಟ್ಟುತ್ತಲೇ ಬಂದಿದ್ದಾರೆ.

"ಪೆನ್ಷನ್ ಇದೆ, ಬ್ಯಾಂಕಿನಲ್ಲಿ ದುಡ್ಡಿದೆ, ನಿಮಗೇನೂ ಸಿಗಲ್ಲ" ಎಂದು ಅಲ್ಲಿ ಯಾರೋ ಹೇಳಿದ್ದಾರಂತೆ. ಹೌದಾ? ಅರ್ಜಿಗೆ ಸಹಿ ಯಾರು ಹಾಕಬೇಕು? ಚಿಕ್ಕಪ್ಪನಿಗೆ ಈಗ ಕಾಗದ ಪತ್ರ ಅರ್ಥವಾಗುವುದಿಲ್ಲ. ಮುಂದಿನ ತಿಂಗಳು ನಾನು ವಿಸಿಟರ್ ವೀಸಾ ಮೇಲೆ ಹೋಗಿ ಕೆಲವು ತಿಂಗಳು ಜೊತೆಗಿರುತ್ತೇನೆ. ಮನೆಯಲ್ಲಿ ಮೂರನೆಯವಳಾದೆನೆಂದು ರಿಯಾಯಿತಿ ತಪ್ಪುತ್ತದಾ? ಗೊತ್ತಿದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

ಲೆಕ್ಕದ ಪುಸ್ತಕ:

ಸುಮಾ ಅವರೇ, ಸಿಗುತ್ತದೆ. ಹಿಂದಿನ ವರ್ಷಗಳದ್ದೂ ಸೇರಿ ಸಿಗುತ್ತದೆ. ಸಿಗಲ್ಲ ಎಂದವರು ಎರಡು ಬೇರೆ ಬೇರೆ ಯೋಜನೆಗಳನ್ನು ಒಂದೇ ಎಂದುಕೊಂಡು ಹೇಳಿದ್ದಾರೆ.

ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಎಂಬುದು ಆದಾಯ, ಉಳಿತಾಯ ನೋಡಿ ಕೊಡುವಂಥದ್ದು. ಇಂಗ್ಲೆಂಡಿನಲ್ಲಿ ಪೆನ್ಷನ್ ವಯಸ್ಸಿನವರ ಉಳಿತಾಯ 16,000 ಪೌಂಡ್ ದಾಟಿದರೆ ಸಾಮಾನ್ಯವಾಗಿ ಅದು ಸಿಗದು. ಪೆನ್ಷನ್ ಕ್ರೆಡಿಟ್‌ನ (ಕಡಿಮೆ ಆದಾಯದ ಹಿರಿಯರಿಗೆ ಕೊಡುವ ನೆರವು) ಗ್ಯಾರಂಟಿ ಭಾಗ ಪಡೆಯುವವರಿಗೆ ಮಾತ್ರ ಈ ಮಿತಿ ಇಲ್ಲ. ನಿಮಗೆ ಬೇಕಾದದ್ದು ಅದಲ್ಲ. 1992ರ ಲೋಕಲ್ ಗವರ್ನಮೆಂಟ್ ಫೈನಾನ್ಸ್ ಆ್ಯಕ್ಟ್‌ನಲ್ಲಿ 'ಸಿವಿಯರ್ ಮೆಂಟಲ್ ಇಂಪೇರ್‌ಮೆಂಟ್' (ಬುದ್ಧಿಶಕ್ತಿ ತೀವ್ರವಾಗಿ ಕುಂದಿದ ಸ್ಥಿತಿ) ಇರುವವರನ್ನು ತಲೆಯೆಣಿಕೆಯಿಂದ ಬಿಡುವ ನಿಯಮವಿದೆ. ಕಚೇರಿಗಳಲ್ಲಿ ಎಸ್‌ಎಂಐ ಡಿಸ್‌ರಿಗಾರ್ಡ್ ಎನ್ನುತ್ತಾರೆ. ಇದಕ್ಕೆ ಆದಾಯ, ಆಸ್ತಿ, ಉಳಿತಾಯ ಯಾವುದೂ ಲೆಕ್ಕಕ್ಕಿಲ್ಲ.

ತಲೆಯೆಣಿಕೆ ಅಂದೆನಲ್ಲ, ಇಡೀ ವಿಷಯ ಅದರ ಮೇಲೇ ನಿಂತಿದೆ. ಮುಂಬೈ ಪಾಲಿಕೆಯ ಪ್ರಾಪರ್ಟಿ ಟ್ಯಾಕ್ಸ್‌ಗೆ ಮನೆಯ ಬೆಲೆ ಮುಖ್ಯ, ಒಳಗೆ ಎಷ್ಟು ಜನ ಇದ್ದಾರೆಂದು ಯಾರೂ ಕೇಳುವುದಿಲ್ಲ. ಕೌನ್ಸಿಲ್ ಟ್ಯಾಕ್ಸ್‌ನ ಪೂರ್ತಿ ಬಿಲ್ಲು ಮನೆಯಲ್ಲಿ ಕನಿಷ್ಠ ಇಬ್ಬರು ವಯಸ್ಕರಿದ್ದಾರೆಂದು ಹಿಡಿದು ಮಾಡಿದ್ದು. ಲೆಕ್ಕಕ್ಕೆ ಬರುವವರು ಒಬ್ಬರೇ ಆದರೆ ಶೇಕಡಾ 25 ಇಳಿಯುತ್ತದೆ. ಮನೆಯಲ್ಲಿ ಡಿಮೆನ್ಷಿಯಾ ಇರುವವರು ಒಬ್ಬರೇ ಇದ್ದರೆ, ಅಥವಾ ಇರುವವರೆಲ್ಲ ಎಸ್‌ಎಂಐ ಆದರೆ, ಅದು ಕ್ಲಾಸ್ ಯು ವಿನಾಯಿತಿ. ಬಿಲ್ ಪೂರ್ತಿ ಸೊನ್ನೆ. ಎಲ್ಲರೂ ಎಣಿಕೆಯಿಂದ ಹೊರಗೆ, ಆದರೆ ಕಾರಣ ಬೇರೆ ಬೇರೆ (ಒಬ್ಬರು ಎಸ್‌ಎಂಐ, ಇನ್ನೊಬ್ಬರು ಅವರನ್ನು ನೋಡಿಕೊಳ್ಳುವ ಮಗಳು) ಎಂದಾದರೆ ಸಾಮಾನ್ಯವಾಗಿ ಶೇಕಡಾ 50. ಎಣಿಕೆಗೆ ಬರುವ ಇಬ್ಬರು ಉಳಿದರೆ ಏನೂ ಇಲ್ಲ.

ನಿಮ್ಮಲ್ಲಿ ಚಿಕ್ಕಪ್ಪ ಎಣಿಕೆಯಿಂದ ಹೊರಗೆ, ಚಿಕ್ಕಮ್ಮ ಒಬ್ಬರೇ ಒಳಗೆ. ಹಾಗಾಗಿ ಶೇಕಡಾ 25, ವರ್ಷಕ್ಕೆ 600 ಪೌಂಡ್. ಚಿಕ್ಕಮ್ಮ ಹಗಲೂ ರಾತ್ರಿ ಅವರ ಸೇವೆ ಮಾಡುತ್ತಿದ್ದರೂ 'ಕೇರರ್' ಎಂದು ಅವರನ್ನು ಎಣಿಕೆಯಿಂದ ಬಿಡಿಸಲು ಆಗದು. ಕೇರರ್ ನಿಯಮ ಗಂಡ ಹೆಂಡತಿಗೆ ಅನ್ವಯಿಸುವುದಿಲ್ಲ. ನನಗೆ ಇದು ಅನ್ಯಾಯವೆಂದೇ ಕಾಣುತ್ತದೆ, ಆದರೆ ಕಾನೂನು ಇರುವುದು ಹಾಗೆ. ಅದೇ ಮನೆಯಲ್ಲಿ ವಾಸವಿದ್ದು ವಾರಕ್ಕೆ ಕನಿಷ್ಠ 35 ಗಂಟೆ ನೋಡಿಕೊಳ್ಳುವ ಮಗ, ಮಗಳು, ತಂಗಿಗೆ ಅದು ಸಿಗುತ್ತದೆ.

ಶರತ್ತು ಮೂರು. ಕಾಯಿಲೆ ಬುದ್ಧಿಶಕ್ತಿಯನ್ನೂ ಜನರೊಡನೆ ವ್ಯವಹರಿಸುವ ಶಕ್ತಿಯನ್ನೂ ತೀವ್ರವಾಗಿ ಕುಂದಿಸಿರಬೇಕು, ಅದು ಶಾಶ್ವತ ಎಂದು ಕಾಣಬೇಕು. ಡಾಕ್ಟರು ಅದನ್ನು ಸರ್ಟಿಫೈ ಮಾಡಬೇಕು. ಪಟ್ಟಿಯಲ್ಲಿರುವ ಯಾವುದಾದರೂ ಒಂದು ಬೆನಿಫಿಟ್‌ಗೆ ಅವರು ಅರ್ಹರಿರಬೇಕು. ಅಟೆಂಡೆನ್ಸ್ ಅಲೋವನ್ಸ್ ಆ ಪಟ್ಟಿಯಲ್ಲಿದೆ, ಕಡಿಮೆ ದರದ್ದಾದರೂ ಸಾಕು. ಮೂರನೆಯದು ನಿಮ್ಮ ಕೈಯಲ್ಲಿ ಆಗಲೇ ಇದೆ. ಹೆಚ್ಚಿನವರು ಮುಗ್ಗರಿಸುವುದೇ ಅಲ್ಲಿ: ರೋಗ ಗೊತ್ತಾಗಿ ವರ್ಷಗಳಾದರೂ ಅಲೋವನ್ಸ್‌ಗೆ ಅರ್ಜಿ ಹಾಕಿರುವುದಿಲ್ಲ, ಹಾಗಾಗಿ ಟ್ಯಾಕ್ಸ್ ರಿಯಾಯಿತಿಯೂ ಶುರುವಾಗುವುದಿಲ್ಲ.

ಮುಲುಂಡ್ ಶೆಟ್ರು:

ಮೇಲಿನವರು ಹೇಳಿದ್ದು ಸರಿ ಉಂಟು. ಡಾಕ್ಟರ ಸರ್ಟಿಫಿಕೇಟ್ ಬಗ್ಗೆ ಸ್ವಲ್ಪ ಸೇರಿಸುತ್ತೇನೆ, ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಅಲ್ಲಿಯೇ.

ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಎಸ್‌ಎಂಐ ಫಾರ್ಮ್ ಹುಡುಕಿ. ಕೆಲವು ಕೌನ್ಸಿಲ್‌ಗಳು ಫಾರ್ಮನ್ನು ತಾವೇ ಜಿಪಿಗೆ (ಅವರ ಮಾಮೂಲಿ ಡಾಕ್ಟರಿಗೆ) ಕಳಿಸುತ್ತವೆ, ಕೆಲವು ನಿಮ್ಮಿಂದಲೇ ತುಂಬಿಸಿ ತರಿಸುತ್ತವೆ. ಈ ಸರ್ಟಿಫಿಕೇಟಿಗೆ ಜಿಪಿ ಫೀಸು ತೆಗೆದುಕೊಳ್ಳುವ ಹಾಗಿಲ್ಲ, ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಕರಾರಿನಲ್ಲೇ ಅದು ಉಚಿತ. ರಿಸೆಪ್ಶನ್‌ನಲ್ಲಿ "ಪ್ರೈವೇಟ್ ಲೆಟರ್, ಇಷ್ಟು ಪೌಂಡ್" ಎಂದರೆ, ಇದು ಕೌನ್ಸಿಲ್ ಟ್ಯಾಕ್ಸ್‌ನ ಎಸ್‌ಎಂಐ ಸರ್ಟಿಫಿಕೇಟ್, ಪ್ರಾಕ್ಟೀಸ್ ಮ್ಯಾನೇಜರನ್ನು ಒಮ್ಮೆ ಕೇಳಿ ಎಂದು ಮೆತ್ತಗೆ ಹೇಳಬೇಕು.

ಜಿಪಿ ಹತ್ತು ನಿಮಿಷ ನೋಡುವಾಗ ನಮ್ಮ ಹಿರಿಯರು ಚಂದ ಮಾತಾಡಿ "ಐ ಯಾಮ್ ಫೈನ್, ಡಾಕ್ಟರ್" ಎಂದು ಎದ್ದು ಬರುತ್ತಾರೆ. ಆಮೇಲೆ 'ಮೈಲ್ಡ್' ಎಂದು ಬರೆದು ಫಾರ್ಮ್ ವಾಪಸ್. ಹಾಗಾಗದಂತೆ ಫಾರ್ಮಿನ ಜೊತೆ ಒಂದು ಹಾಳೆ ಇಡಿ. ದುಡ್ಡು ಎಣಿಸಿ ಕೊಡಲು ಬರುತ್ತದಾ, ಗೊತ್ತಿರುವ ಬೀದಿಯಲ್ಲಿ ದಾರಿ ತಪ್ಪುತ್ತಾರಾ, ಗ್ಯಾಸ್ ಉರಿಸಿ ಮರೆಯುತ್ತಾರಾ, ಮಾತ್ರೆ ಯಾರು ಕೊಡುತ್ತಾರೆ, ರಾತ್ರಿ ಎಷ್ಟು ಸಲ ಏಳುತ್ತಾರೆ, ಯಾರ ಗುರುತು ಹತ್ತುವುದಿಲ್ಲ, ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಹೋಗಿಬಿಡುತ್ತಾರಾ. ಉತ್ಪ್ರೇಕ್ಷೆ ಬೇಡ, ಕಳೆದ ಕೆಲವು ವಾರಗಳಲ್ಲಿ ಆದದ್ದನ್ನೇ ಬರೆಯಿರಿ. ಮೆಮೊರಿ ಕ್ಲಿನಿಕ್ ಪತ್ರದ ನಕಲೂ ಇರಲಿ. ಇಂತಿಷ್ಟೇ ಟೆಸ್ಟ್ ಸ್ಕೋರ್ ಬೇಕೆಂದು ಕಾನೂನಿನಲ್ಲಿ ಇಲ್ಲ.

ಇನ್ನೊಂದು, ತಾರೀಕು. "ಈ ಸ್ಥಿತಿ ಯಾವಾಗಿನಿಂದ" ಎಂಬ ಕಾಲಂನಲ್ಲಿ ಕೆಲವು ಡಾಕ್ಟರು ಸಹಿ ಮಾಡಿದ ದಿನವನ್ನೇ ಹಾಕುತ್ತಾರೆ. ಅಲ್ಲಿಗೆ ಹಿಂದಿನ ವರ್ಷಗಳ ದುಡ್ಡು ಹೋಯಿತು. ಫಾರ್ಮ್ ಕೊಡುವಾಗಲೇ ಕ್ಲಿನಿಕ್ ಪತ್ರದ ದಿನಾಂಕ ತೋರಿಸಿ, ದಾಖಲೆ ನೋಡಿ ಬರೆಯಿರಿ ಎಂದು ಕೇಳಿ.

ಲೆಕ್ಕದ ಪುಸ್ತಕ:

ಶೆಟ್ರು ತಾರೀಕಿನ ಮಾತು ತೆಗೆದದ್ದು ಒಳ್ಳೆಯದಾಯಿತು. ರಿಯಾಯಿತಿ ಶುರುವಾಗುವುದು ಶರತ್ತುಗಳೆಲ್ಲ ಕೂಡಿಬಂದ ದಿನದಿಂದ. ಅರ್ಜಿ ಹಾಕಿದ ದಿನದಿಂದ ಅಲ್ಲ. ಡಾಕ್ಟರು 2022ರ ಸೆಪ್ಟೆಂಬರ್ ಎಂದು ಬರೆದರೆ, ಅಲೋವನ್ಸ್ 2023ರ ಜನವರಿಯಿಂದ ಎಂದಿದ್ದರೆ, ಈಚಿನದಾದ ಜನವರಿಯೇ ಆರಂಭದ ದಿನ. ಲೆಕ್ಕ ದಿನದ ಪ್ರಕಾರ ಹಾಕುತ್ತಾರೆ. ಅರ್ಜಿಯಲ್ಲಿ "ಆ ದಿನದಿಂದ ಜಾರಿಗೆ ತಂದು, ಹೆಚ್ಚು ಕಟ್ಟಿದ್ದನ್ನು ಹಿಂದಿರುಗಿಸಿ" ಎಂದು ಸ್ಪಷ್ಟವಾಗಿ ಬರೆಯಬೇಕು. ಬರೆಯದಿದ್ದರೆ ಈ ವರ್ಷದ್ದಷ್ಟೇ ಕೊಟ್ಟು ಸುಮ್ಮನಾಗುವ ಸಾಧ್ಯತೆ ಇದೆ.

ಈ ವರ್ಷದ್ದು ಮಾತ್ರ ಎಂದು ಉತ್ತರ ಬಂದರೆ, ಯಾವ ನಿಯಮದ ಪ್ರಕಾರ ಎಂದು ಕಾಗದದಲ್ಲೇ ಕೇಳಿ. ಅದೇ ಪತ್ರದಲ್ಲಿ "1992ರ ಕಾಯ್ದೆಯ ಸೆಕ್ಷನ್ 16ರ ಅಡಿಯಲ್ಲಿ ಇದು ನಮ್ಮ ಆಕ್ಷೇಪಣೆ" ಎಂಬ ಸಾಲು ಸೇರಿಸಿ. ಉತ್ತರಿಸಲು ಕೌನ್ಸಿಲ್‌ಗೆ ಎರಡು ತಿಂಗಳಿದೆ. ಉತ್ತರ ಒಪ್ಪಿಗೆಯಾಗದಿದ್ದರೆ ಅದು ಬಂದ ಎರಡು ತಿಂಗಳೊಳಗೆ, ಉತ್ತರವೇ ಬರದಿದ್ದರೆ ಮೊದಲ ಪತ್ರದಿಂದ ನಾಲ್ಕು ತಿಂಗಳೊಳಗೆ, ಇಂಥ ತಕರಾರು ಕೇಳುವ ಸ್ವತಂತ್ರ ಮಂಡಳಿಯಾದ ವ್ಯಾಲ್ಯುಯೇಷನ್ ಟ್ರಿಬ್ಯೂನಲ್‌ಗೆ ಹೋಗಬಹುದು. ಫೀಸಿಲ್ಲ, ವಕೀಲರೂ ಬೇಕಿಲ್ಲ.

ನಿರ್ಧಾರ ಬರುವವರೆಗೆ ಕಂತು ನಿಲ್ಲಿಸಬೇಡಿ. ಕಂತು ತಪ್ಪಿದರೆ ಮೊದಲು ರಿಮೈಂಡರ್, ಆಮೇಲೆ ಇಡೀ ವರ್ಷದ್ದು ಒಟ್ಟಿಗೆ ಕಟ್ಟಿ ಎಂಬ ನೋಟಿಸು, ಕೊನೆಗೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಲಯಬಿಲಿಟಿ ಆರ್ಡರ್ (ಬಾಕಿ ವಸೂಲಿಗೆ ಆದೇಶ). ಹೆಚ್ಚು ಕಟ್ಟಿದ್ದು ಹೇಗೂ ಹಿಂದೆ ಬರುತ್ತದೆ.

ನೀವು ಹೋಗಿ ಇರುವ ವಿಷಯ: ಎಣಿಕೆಗೆ ಬರುವುದು ಆ ಮನೆಯನ್ನೇ ಮುಖ್ಯ ವಾಸಸ್ಥಳ ಮಾಡಿಕೊಂಡ ವಯಸ್ಕರು ಮಾತ್ರ. ನಿಮ್ಮ ಮನೆ ಡೊಂಬಿವಲಿಯಲ್ಲಿದೆ, ವಿಸಿಟರ್ ವೀಸಾ, ರಿಟರ್ನ್ ಟಿಕೆಟ್ ಇವೆ. ರಿಯಾಯಿತಿ ತಪ್ಪುವುದಿಲ್ಲ. ಯಾರಾದರೂ ಕೇಳಿದರೆ ತೋರಿಸಲು ಅವುಗಳ ನಕಲು ಇಟ್ಟುಕೊಳ್ಳಿ.

ಪುಣೆ ವಕೀಲರು:

ಸಹಿಯ ಪ್ರಶ್ನೆಗೆ ಉತ್ತರ ಸುಲಭವಿದೆ. ಬಿಲ್ ಇಬ್ಬರ ಹೆಸರಲ್ಲೂ ಇರುವುದರಿಂದ ಚಿಕ್ಕಮ್ಮನೇ ಅರ್ಜಿ ಹಾಕಬಹುದು. ಚಿಕ್ಕಪ್ಪನ ಸಹಿಗಾಗಿ ಕೈ ಹಿಡಿದು ಬರೆಸುವ ಕೆಲಸ ಯಾರೂ ಮಾಡಬಾರದು. ನೀವು ಕೌನ್ಸಿಲ್ ಜೊತೆ ಮಾತಾಡಬೇಕಾದರೆ, "ಸುಮಾ ನನ್ನ ಪರವಾಗಿ ಈ ಖಾತೆಯ ಬಗ್ಗೆ ಮಾತಾಡಬಹುದು" ಎಂದು ಅಕೌಂಟ್ ನಂಬರ್ ಸಮೇತ ಚಿಕ್ಕಮ್ಮನಿಂದ ಎರಡು ಸಾಲು ಬರೆಸಿ ಕಳಿಸಿ. ಮುಂಬೈಯಿಂದ ಫೋನ್ ಮಾಡುವುದಾದರೆ, ಅಲ್ಲಿನ ಬೆಳಗಿನ 9 ಗಂಟೆ ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30. 0800 ನಂಬರುಗಳು ಹೊರದೇಶದಿಂದ ಬಹಳ ಸಲ ಹತ್ತುವುದಿಲ್ಲ, ಇಮೇಲ್ ಮೇಲು. ಬರವಣಿಗೆಯಲ್ಲಿ ದಾಖಲೆಯೂ ಉಳಿಯುತ್ತದೆ.

ಕೆಲವರು ಇಲ್ಲಿ ಛಾಪಾ ಕಾಗದದ ಮೇಲೆ ಜನರಲ್ ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸುತ್ತಾರೆ. ಈ ಸ್ಥಿತಿಯಲ್ಲಿ ಅದು ನಿಲ್ಲುವುದಿಲ್ಲ. ಬರೆದುಕೊಟ್ಟವರು ಚಿತ್ತಸ್ವಾಸ್ಥ್ಯ ಕಳೆದುಕೊಂಡರೆ ನಮ್ಮ ಕಾಂಟ್ರ್ಯಾಕ್ಟ್ ಆ್ಯಕ್ಟ್ ಸೆಕ್ಷನ್ 201ರ ಪ್ರಕಾರವೇ ಅಧಿಕಾರ ಮುಗಿಯುತ್ತದೆ. ಇಂಗ್ಲೆಂಡಿನಲ್ಲಿ ಬೇಕಾದದ್ದು ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ (ಬುದ್ಧಿ ಕುಂದಿದ ಮೇಲೂ ನಿಲ್ಲುವ ಅಧಿಕಾರಪತ್ರ). ಅದನ್ನು ಅರ್ಥವಾಗುವ ಶಕ್ತಿ ಇರುವಾಗಲೇ ಮಾಡಿಸಿ, ಆಫೀಸ್ ಆಫ್ ದ ಪಬ್ಲಿಕ್ ಗಾರ್ಡಿಯನ್‌ನಲ್ಲಿ ನೋಂದಾಯಿಸಬೇಕು. ಚಿಕ್ಕಪ್ಪನಿಗೆ ಆ ಹಂತ ದಾಟಿದ್ದರೆ ಅವರೊಬ್ಬರ ಹೆಸರಿನ ಬ್ಯಾಂಕ್ ಖಾತೆ, ಮನೆಯ ವ್ಯವಹಾರಕ್ಕೆ ಕೋರ್ಟ್ ಆಫ್ ಪ್ರೊಟೆಕ್ಷನ್ ಮೂಲಕ ಡೆಪ್ಯುಟಿ (ಕೋರ್ಟ್ ನೇಮಿಸುವ ಪ್ರತಿನಿಧಿ) ಆಗಬೇಕಾಗುತ್ತದೆ. ಚಿಕ್ಕಮ್ಮನ ಹೆಸರಲ್ಲಾದರೂ ಈಗಲೇ ಒಂದು ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ ಮಾಡಿಸಿಡಿ.

ಡೊಂಬಿವಲಿ ಸುಮಾ:

ತುಂಬಾ ಉಪಕಾರವಾಯಿತು. ಇನ್ನೆರಡು ಕೇಳಬಹುದಾ? ಕೆಳಗಿನ ಡೈನಿಂಗ್ ರೂಮಿನಲ್ಲೇ ಚಿಕ್ಕಪ್ಪನ ಮಂಚ ಹಾಕಿದ್ದಾರೆ, ಅದಕ್ಕೂ ಏನೋ ಕಡಿತ ಇದೆಯಂತೆ. ಹಾಗೇ ಮುಂದೆ ಕೇರ್ ಹೋಮ್‌ಗೆ ಸೇರಿಸಬೇಕಾಗಿ ಬಂದರೆ ಅಥವಾ ಚಳಿಗಾಲಕ್ಕೆ ಮುಂಬೈಗೆ ಕರೆತಂದರೆ ಏನು?

ಲೆಕ್ಕದ ಪುಸ್ತಕ:

ಮಂಚ ಹಾಕಿದ್ದಕ್ಕೆ ಸಿಗುತ್ತದೆಂದು ನಂಬಿ ಕೂರಬೇಡಿ. ನೀವು ಹೇಳುತ್ತಿರುವುದು ಡಿಸೇಬಲ್ಡ್ ಬ್ಯಾಂಡ್ ರಿಡಕ್ಷನ್, ಬಿಲ್ ಒಂದು ಬ್ಯಾಂಡ್ ಕೆಳಗಿಳಿಯುತ್ತದೆ. ಅಂಗವೈಕಲ್ಯದ ಕಾರಣಕ್ಕೇ ಮುಖ್ಯವಾಗಿ ಬಳಸುವ ಪ್ರತ್ಯೇಕ ಕೋಣೆ, ಹೆಚ್ಚುವರಿ ಬಾತ್‌ರೂಮ್ ಅಥವಾ ಅಡುಗೆಮನೆ, ಇಲ್ಲವೇ ಒಳಗೆ ಗಾಲಿಕುರ್ಚಿ ಓಡಾಡಲು ಜಾಗ ಇರಬೇಕು. ಜೊತೆಗೆ ಅದು ಆ ವ್ಯಕ್ತಿಗೆ ಅತ್ಯಗತ್ಯವೆಂದು ತೋರಿಸಬೇಕು. ಮಲಗುವ ಜಾಗ ಬದಲಾಯಿಸಿದ್ದಷ್ಟೇ ಆದರೆ ಬಹಳ ಕಡೆ ತಿರಸ್ಕರಿಸುತ್ತಾರೆ. ಚಿಕ್ಕಪ್ಪನಿಗಾಗಿ ಕೆಳಗೆ ಎರಡನೇ ಶವರ್ ರೂಮ್ ಕಟ್ಟಿಸಿದ್ದರೆ ಮಾತು ಬೇರೆ. ಸಿಕ್ಕರೆ ಎರಡೂ ಕೂಡುತ್ತವೆ: ಬ್ಯಾಂಡ್ ಡಿಯ 2,400 ಬ್ಯಾಂಡ್ ಸಿಗೆ ಇಳಿದು 2,133, ಅದರಲ್ಲಿ ಶೇಕಡಾ 25 ಹೋಗಿ 1,600 ಪೌಂಡ್.

ಚಿಕ್ಕಪ್ಪ ಶಾಶ್ವತವಾಗಿ ಕೇರ್ ಹೋಮ್ ಸೇರಿದರೆ ಚಿಕ್ಕಮ್ಮನಿಗೆ ಅದೇ ಶೇಕಡಾ 25, ಆದರೆ ಒಂಟಿ ವಾಸದ ಕಾರಣಕ್ಕೆ. ಕಾರಣ ಬದಲಾದದ್ದನ್ನು ತಿಳಿಸಿ. ರಿಯಾಯಿತಿಗೆ ಅರ್ಹತೆ ತಪ್ಪುವಂಥ ಬದಲಾವಣೆಯಾದರೆ 21 ದಿನದೊಳಗೆ ಹೇಳಲೇಬೇಕು, ಮುಚ್ಚಿಟ್ಟರೆ 70 ಪೌಂಡ್ ದಂಡ ಹಾಕಬಹುದು. ಮನೆ ಪೂರ್ತಿ ಖಾಲಿಯಾಗಿ, ಅಲ್ಲಿದ್ದವರು ಕೇರ್ ಹೋಮ್‌ನಲ್ಲೇ ನೆಲೆಸಿದರೆ ಕ್ಲಾಸ್ ಇ ವಿನಾಯಿತಿ. ಆರೈಕೆಗಾಗಿ ಮಗಳ ಮನೆಗೆ ಹೋಗಿ ನೆಲೆಸಿ, ಇವರ ಮನೆ ಖಾಲಿಯಾದರೆ ಕ್ಲಾಸ್ ಐ. ಎರಡರಲ್ಲೂ ಬಿಲ್ ಸೊನ್ನೆ.

ಚಳಿಗಾಲಕ್ಕೆ ಮಾತ್ರ ಬಂದು ಹೋಗುವುದಾದರೆ ಮನೆ ಅವರದೇ ವಾಸಸ್ಥಳವಾಗಿ ಉಳಿಯುತ್ತದೆ. ಅಟೆಂಡೆನ್ಸ್ ಅಲೋವನ್ಸ್ ಹೊರದೇಶದಲ್ಲಿ 13 ವಾರದವರೆಗೆ ನಡೆಯುತ್ತದೆ, ಹೊರಡುವ ಮುಂಚೆಯೇ ತಿಳಿಸಬೇಕು. ಟಿಕೆಟ್ ಮಾಡಿಸುವಾಗ ಆ 13 ವಾರ ಲೆಕ್ಕದಲ್ಲಿರಲಿ. ಖಾಯಂ ಆಗಿ ಇಲ್ಲೇ ಉಳಿದರೆ ಅಲೋವನ್ಸ್ ನಿಲ್ಲುತ್ತದೆ.

ಚೆಂಬೂರ್ ಗೀತಾ:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ಸೋದರತ್ತೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಬ್ಬರೇ ಇದ್ದಾರೆ, ವಯಸ್ಸು 81, ವ್ಯಾಸ್ಕ್ಯುಲರ್ ಡಿಮೆನ್ಷಿಯಾ. ಒಂಟಿ ವಾಸದ ಶೇಕಡಾ 25 ಮಾತ್ರ ಸಿಗುತ್ತಿದೆ. ಅಲೋವನ್ಸ್‌ಗೆ ಅರ್ಜಿಯನ್ನೇ ಹಾಕಿಲ್ಲ.

ಮುಲುಂಡ್ ಶೆಟ್ರು:

ಗೀತಕ್ಕ, ನಿಮ್ಮ ಅತ್ತೆಗೆ ಪೂರ್ತಿ ಬಿಲ್ಲೇ ಹೋಗುವ ಸಂಭವ ಉಂಟು. ಮೊದಲು ಅಲೋವನ್ಸ್, ಇವತ್ತೇ. ಅಲ್ಲಿರುವ ಯಾರಾದರೂ ಫೋನ್ ಮಾಡಿ ಅಲೋವನ್ಸ್ ಅರ್ಜಿಯಾದ ಎಎ1 ಫಾರ್ಮ್ ತರಿಸಲಿ. ಫೋನ್ ಮಾಡಿ ತರಿಸಿದ ಫಾರ್ಮನ್ನು ಆರು ವಾರದೊಳಗೆ ತಲುಪಿಸಿದರೆ ಫೋನ್ ಮಾಡಿದ ದಿನದಿಂದಲೇ ಲೆಕ್ಕ. ಡೌನ್‌ಲೋಡ್ ಮಾಡಿ ಕಳಿಸಿದರೆ ಫಾರ್ಮ್ ಅವರ ಕೈಸೇರಿದ ದಿನದಿಂದ. ಹಿಂದಿನ ತಿಂಗಳುಗಳಿಗೆ ಅಲೋವನ್ಸ್ ಕೊಡುವುದಿಲ್ಲ, ಹಾಗಾಗಿ ಟ್ಯಾಕ್ಸ್ ವಿನಾಯಿತಿಯೂ ಅದಕ್ಕಿಂತ ಹಿಂದಕ್ಕೆ ಹೋಗದು. ದಿನ ಕಳೆದಷ್ಟೂ ನಷ್ಟವೇ.

2025-26ರಲ್ಲಿ ದರ ವಾರಕ್ಕೆ 73.90 ಪೌಂಡ್, ಹಗಲೂ ರಾತ್ರಿಯೂ ಸಹಾಯ ಬೇಕಾದವರಿಗೆ 110.40. ನೆರವಿನ ಅಗತ್ಯ ಆರು ತಿಂಗಳಿಂದ ಇರಬೇಕು. ನಿಜಕ್ಕೂ ಯಾರಾದರೂ ನೆರವಾಗುತ್ತಿರಬೇಕೆಂದಿಲ್ಲ, ನೆರವು ಬೇಕಾಗಿದ್ದರೆ ಸಾಕು. ಒಬ್ಬರೇ ಇರುವವರ ಮನೆಯವರು "ಅವರೇ ಹೇಗೋ ಮಾಡಿಕೊಳ್ಳುತ್ತಾರೆ" ಎಂದು ಫಾರ್ಮಿನಲ್ಲಿ ಬರೆದು ಕೆಡಿಸುತ್ತಾರೆ. ಸ್ನಾನ ಮರೆಯುತ್ತಾರೆ, ಹಳಸಿದ ಅನ್ನ ತಿನ್ನುತ್ತಾರೆ, ಮಾತ್ರೆ ಎರಡೆರಡು ಸಲ ನುಂಗುತ್ತಾರೆ ಎಂದು ಇದ್ದದ್ದು ಇದ್ದ ಹಾಗೆ ಬರೆಯಿರಿ. ಅಲೋವನ್ಸ್ ಮಂಜೂರಾದ ಅವಾರ್ಡ್ ಲೆಟರ್ ಬಂದ ದಿನವೇ ಅದರ ನಕಲು, ಜಿಪಿ ಸರ್ಟಿಫಿಕೇಟ್, ಕ್ಲಿನಿಕ್ ಪತ್ರ, ಕೌನ್ಸಿಲ್ ಟ್ಯಾಕ್ಸ್ ಅಕೌಂಟ್ ನಂಬರ್ ಒಂದೇ ಲಕೋಟೆಯಲ್ಲಿಟ್ಟು ಕೌನ್ಸಿಲ್‌ಗೆ ಕಳಿಸಿ. ಮೂಲಪ್ರತಿ ಯಾವುದನ್ನೂ ಕೊಡಬೇಡಿ.