ಒಂಬತ್ತು ತಿಂಗಳ ಬಸುರಿ ತಂಗಿಗೆ ಕೊರೊನಾ ಬಂದಿದೆ, ತಾಯಿ ಮಗುವಿಗೆ ಏನು ಅಪಾಯ?

ದಾವಣಗೆರೆ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಈಗ 36 ವಾರ, ಚೊಚ್ಚಲು. ಹೆರಿಗೆಗೆ ಅಂತ ತವರಿಗೆ ಬಂದಿದ್ದಾಳೆ. ಬಂದ ಮೇಲೆ ಜ್ವರ, ಗಂಟಲು ನೋವು, ಮೈಕೈ ನೋವು ಶುರುವಾಯಿತು. ಚೆಕಪ್‌ಗೆ ಹೋದಾಗ ಡಾಕ್ಟರ್ ಟೆಸ್ಟ್ ಬರೆದುಕೊಟ್ಟರು, ಕೊರೊನಾ ಪಾಸಿಟಿವ್ ಬಂದಿದೆ. ಆ ರೋಗವನ್ನೇ ಎಲ್ಲರೂ ಮರೆತುಬಿಟ್ಟಿದ್ದೆವು, ಈಗ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಜ್ವರ 100ರ ಆಸುಪಾಸು ಇದೆ, ಉಸಿರಾಟಕ್ಕೆ ತೊಂದರೆ ಇಲ್ಲ, ಊಟ ಸೇರುತ್ತಿಲ್ಲ. 2021ರಲ್ಲಿ ಎರಡು ಡೋಸ್ ಕೋವಿಶೀಲ್ಡ್ ಹಾಕಿಸಿಕೊಂಡಿದ್ದಳು, ಆಮೇಲೆ ಏನೂ ಹಾಕಿಸಿಲ್ಲ.

ಹೊಟ್ಟೆಯೊಳಗಿನ ಮಗುವಿಗೂ ಸೋಂಕು ತಗಲುತ್ತಾ? ಅಪ್ಪನಿಗೆ ಎರಡನೇ ಅಲೆಯಲ್ಲಿ ಬಂದಾಗ ಕೊಟ್ಟಿದ್ದ ಮಾತ್ರೆಗಳು ಇನ್ನೂ ಸ್ಟೀಲ್ ಡಬ್ಬಿಯಲ್ಲಿ ಇವೆ, ಫ್ಯಾಬಿಫ್ಲೂ ಅರ್ಧ ಶೀಟು, ಐವರ್ಮೆಕ್ಟಿನ್, ಡಾಕ್ಸಿ ಅಂತ ಇನ್ನೊಂದು. ಅಮ್ಮ ಅದನ್ನೇ ಕೊಡೋಣ ಅನ್ನುತ್ತಿದ್ದಾರೆ. ಅವಳ ಅತ್ತೆ ಫೋನ್ ಮಾಡಿ, ಈಗಲೇ ಹೆರಿಗೆ ಆಗಿಬಿಟ್ಟರೆ ಮಗುವಿಗೆ ಎದೆಹಾಲು ಕೊಡಬೇಡಿ, ಬೇರೆ ರೂಮಿನಲ್ಲಿ ಮಲಗಿಸಿ ಅಂತ ಹೇಳಿದರು. ಅವಳು ಫೋನ್ ಇಟ್ಟವಳೇ ಅಳುವುದಕ್ಕೆ ಶುರು ಮಾಡಿದಳು. ಗೊತ್ತಿರುವವರು ದಯವಿಟ್ಟು ಹೇಳಿ.

ವಾರ್ಡ್ ಸಿಸ್ಟರ್

ಅಕ್ಕಾ, ಮೊದಲು ಆ ಡಬ್ಬಿಯನ್ನು ಎತ್ತಿ ಆಚೆ ಇಡಿ. ಬೇರೆ ಎಲ್ಲ ಆಮೇಲೆ. ಫ್ಯಾಬಿಫ್ಲೂ ಅಂದರೆ ಫಾವಿಪಿರಾವಿರ್, ಅದು ಬಸುರಿಯರಿಗೆ ಕೊಡಲೇಬಾರದ ಮಾತ್ರೆ. ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿದಾಗ ಹೊಟ್ಟೆಯೊಳಗಿನ ಮರಿಗಳಿಗೆ ಅದರಿಂದ ಊನ ಆಗಿತ್ತು. ಡಾಕ್ಸಿ ಅಂದರೆ ಡಾಕ್ಸಿಸೈಕ್ಲಿನ್, ಬಸುರಿಯಲ್ಲಿ ಅದನ್ನೂ ಕೊಡುವುದಿಲ್ಲ, ಮಗುವಿನ ಹಲ್ಲಿನ ಬಣ್ಣ ಕೆಡುತ್ತದೆ ಅಂತ. ಐವರ್ಮೆಕ್ಟಿನ್‌ನಿಂದ ಕೊರೊನಾಗೆ ಉಪಯೋಗವೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಮೊಲ್ನುಪಿರಾವಿರ್ ಅಂತ ಇನ್ನೊಂದು ಬಂದಿತ್ತು, ಅದೂ ಬೇಡ. ಇಷ್ಟು ವರ್ಷದಲ್ಲಿ ಎಲ್ಲದರ ಅವಧಿಯೂ ಮುಗಿದಿರುತ್ತದೆ.

ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು, ಡೋಲೋ ಅಂತಲೇ ಎಲ್ಲರೂ ಕೇಳುವುದು ಅದನ್ನೇ. ಎಷ್ಟು ಹೊತ್ತಿಗೊಂದು ಅಂತ ಅವಳ ಡಾಕ್ಟರನ್ನು ಕೇಳಿಕೊಳ್ಳಿ. ಜ್ವರ ಬಿಟ್ಟುಬಿಡುವುದೂ ಒಳ್ಳೆಯದಲ್ಲ, ತಾಯಿ ಮೈ ಕಾದರೆ ಮಗುವಿನ ಎದೆಬಡಿತವೂ ಏರುತ್ತದೆ. ಇಬುಪ್ರೊಫೆನ್ ಇರುವ ಮಾತ್ರೆ ಬೇಡ.

ಮನೆಯಲ್ಲಿ ಆಕ್ಸಿಮೀಟರ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ನೋಡಲು ಬೆರಳಿಗೆ ಸಿಕ್ಕಿಸುವ ಯಂತ್ರ, ಇದ್ದರೆ ಹುಡುಕಿ, ಹೊಸ ಸೆಲ್ ಹಾಕಿ. ಬೆರಳಿಗೆ ಮೆಹೆಂದಿ, ನೇಲ್ ಪಾಲಿಶ್ ಇದ್ದರೆ ಲೆಕ್ಕ ತಪ್ಪು ತೋರಿಸಬಹುದು, ಸೀಮಂತಕ್ಕೆ ಹಚ್ಚಿದ್ದು ಉಳಿದಿರಬಹುದು ನೋಡಿ. ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ನಿಲ್ಲುವ ತನಕ ಕಾಯಿರಿ. ಬೇರೆಯವರಿಗೆ 94 ಬಂದರೆ ನೋಡೋಣ ಅಂತ ಒಂದು ಗಂಟೆ ಕಾಯಬಹುದೇನೋ, ಬಸುರಿಗೆ 95ಕ್ಕಿಂತ ಕಡಿಮೆ ಆದರೆ ಆಸ್ಪತ್ರೆಗೆ ಹೊರಡಿ. ಅವಳ ಉಸಿರಿನಲ್ಲೇ ಮಗುವಿನ ಉಸಿರೂ ಇದೆ. ತುಂಬಿದ ಗರ್ಭಕೋಶ ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶಕ್ಕೆ ಜಾಗ ಮೊದಲೇ ಕಡಿಮೆ, ಬೇಕಾಗುವ ಆಕ್ಸಿಜನ್ ಮಾತ್ರ ಜಾಸ್ತಿ. ಅದಕ್ಕೇ ಬಸುರಿಯರು ನೋಡನೋಡುತ್ತಿದ್ದಂತೆ ಸುಸ್ತಾಗುತ್ತಿದ್ದರು.

ಮಗು ಆಡುವುದು ಕಡಿಮೆ ಅನ್ನಿಸಿದರೆ ರಾತ್ರಿ ಬೆಳಗು ಅಂತ ನೋಡಬೇಡಿ, ತಕ್ಷಣ ಹೋಗಿ. ತಲೆನೋವು ಜೋರು, ಕಣ್ಣು ಮಂಜು, ಮುಖ ಊದುವುದು ಇದ್ದರೂ ಅಷ್ಟೇ. ಮಲಗುವಾಗ ಎಡ ಮಗ್ಗುಲು. ಇಡೀ ದಿನ ಮಲಗೇ ಇರುವುದು ಬೇಡ, ಬಸುರಿಯಲ್ಲಿ ರಕ್ತ ಹೆಪ್ಪುಗಟ್ಟುವುದು ಮೊದಲೇ ಜಾಸ್ತಿ, ಕೊರೊನಾ ಅದನ್ನು ಇನ್ನೂ ಹೆಚ್ಚಿಸುತ್ತದೆ. ರೂಮಿನಲ್ಲೇ ಓಡಾಡಲಿ, ನೀರು, ಗಂಜಿ, ಎಳನೀರು ಕೊಡುತ್ತಿರಿ.

ತುಂಗಾ ತೀರ

ಎದೆಹಾಲಿನ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ನಾನು ಅನುಭವಿಸಿದ್ದೇನೆ. 2021ರ ಮೇ ತಿಂಗಳಲ್ಲಿ ನನ್ನ ಹೆರಿಗೆ, ಶಿವಮೊಗ್ಗದಲ್ಲಿ. ನೋವು ಬಂದಾಗಲೇ ಪಾಸಿಟಿವ್ ಅಂತ ಗೊತ್ತಾಗಿದ್ದು. ಮಗು ಹುಟ್ಟಿದ ಕೂಡಲೇ ಒಮ್ಮೆ ತೋರಿಸಿ ಎತ್ತಿಕೊಂಡು ಹೋದರು. ಎದೆ ಕಲ್ಲಿನ ಹಾಗೆ ಬಿಗಿದುಕೊಂಡಿತ್ತು, ನನಗೇ ಜ್ವರವೋ ಹಾಲಿನ ಜ್ವರವೋ ತಿಳಿಯಲಿಲ್ಲ. ಅವನಿಗೆ ಡಬ್ಬದ ಪುಡಿ ಹಾಲು ಕೊಡುತ್ತಿದ್ದರು. ಯಾರನ್ನು ಕೇಳಿದರೂ ರೂಲ್ಸ್ ಅನ್ನುತ್ತಿದ್ದರು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೂ ಒಂದು ವರ್ಷ ಮೊದಲೇ, 2020ರಲ್ಲೇ, ಪಾಸಿಟಿವ್ ತಾಯಿಯೂ ಎದೆಹಾಲು ಕೊಡಬೇಕು, ಮಗುವನ್ನು ಜೊತೆಯಲ್ಲೇ ಇಟ್ಟುಕೊಳ್ಳಬೇಕು ಅಂತ ಹೇಳಿತ್ತು. ಅದು ನನಗೆ ಯಾರೂ ಹೇಳಲಿಲ್ಲ.

ಮನೆಗೆ ಬಂದ ಮೇಲೆ ಅವನು ಎದೆ ಹಿಡಿಯುವುದಕ್ಕೆ ತುಂಬಾ ಹಠ ಮಾಡಿದ. ನಮ್ಮ ಆಶಾ ಕಾರ್ಯಕರ್ತೆ ದಿನಾ ಬಾಗಿಲಲ್ಲಿ ನಿಂತು, ಹೀಗೆ ಹಿಡಿದುಕೋ, ತಲೆ ಹೀಗೆ ಎತ್ತು ಅಂತ ಹೇಳಿಕೊಟ್ಟರು, ಅವರಿಂದ ಹಾಲು ಉಳಿಯಿತು. ಮಗು ಟೆಸ್ಟ್‌ನಲ್ಲಿ ನೆಗೆಟಿವ್, ಈಗ ಚೆನ್ನಾಗಿದ್ದಾನೆ.

ಅಕ್ಕಾ, ತಂಗಿಗೆ ಹೇಳಿ, ಅಳಬೇಡ, ನಿನ್ನ ಹಾಲು ನಿನ್ನ ಮಗುವಿಗೇ. ಅತ್ತೆಯವರ ಹತ್ತಿರ ಜಗಳ ಬೇಡ, ಅವರೂ ಹೆದರಿ ಹೇಳಿದ್ದಾರೆ. ಡಾಕ್ಟರ್ ಕೈಯಲ್ಲೇ ಅವರಿಗೆ ಒಂದು ಮಾತು ಹೇಳಿಸಿ.

ಕೋಲಾರದವನು

ಎಲ್ಲರೂ ಧೈರ್ಯ ಹೇಳುತ್ತಿದ್ದೀರಿ, ಸರಿ. ಆದರೆ ಏನೂ ಆಗಲ್ಲ ಅನ್ನುವ ಹಾಗೆ ಬರೆಯಬೇಡಿ. ನಮ್ಮ ಅಕ್ಕನಿಗೆ ಎರಡನೇ ಅಲೆಯಲ್ಲಿ ಎಂಟು ತಿಂಗಳು. ಬರೀ ಕೆಮ್ಮು ಇತ್ತು, ಅಷ್ಟೇ. ಜ್ವರ ಬಿಟ್ಟು ಆರಾಮಾದಳು ಅಂದುಕೊಂಡೆವು, ಆಮೇಲೆ ಮಗು ಆಡುತ್ತಿಲ್ಲ ಅಂತ ಹೋದರೆ ಸ್ಕ್ಯಾನಿಂಗ್‌ನಲ್ಲಿ ಎದೆಬಡಿತ ಇರಲಿಲ್ಲ. ಕೊರೊನಾದಿಂದಲೇ ಹೀಗಾಯಿತಾ ಅಂತ ಇವತ್ತಿಗೂ ಯಾರೂ ನಮಗೆ ಸರಿಯಾಗಿ ಹೇಳಿಲ್ಲ. ತಾಯಿಗೆ ಅಷ್ಟು ಸಣ್ಣದಾಗಿ ಬಂದು ಮಗುವಿಗೆ ಹೀಗಾಗುತ್ತಾ?

ಹೆರಿಗೆ ಡಾಕ್ಟರ್, ಹುಬ್ಬಳ್ಳಿ

ಕೋಲಾರದವರೇ, ನಿಮ್ಮ ಅಕ್ಕನ ವಿಷಯ ಓದಿ ತುಂಬಾ ಬೇಜಾರಾಯಿತು. ರಿಪೋರ್ಟ್ ನೋಡದೆ ಅವರ ಬಗ್ಗೆ ನಾನು ಹೇಳಬಾರದು. ಆದರೆ ಹಾಗೆ ಆಗುತ್ತಾ ಅಂದರೆ, ಹೌದು, ಆಗುತ್ತದೆ. ವೈರಸ್ ಮಗುವಿನ ತನಕ ಹೋಗುವುದು ಅಪರೂಪ. ಪಾಸಿಟಿವ್ ತಾಯಂದಿರ ಮಕ್ಕಳಲ್ಲಿ ಟೆಸ್ಟ್ ಪಾಸಿಟಿವ್ ಬಂದಿದ್ದು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಕೆಲವರಲ್ಲಿ ಮಾತ್ರ ಅದು ಮಾಸಿನ ಮೇಲೆ, ಅಂದರೆ ತಾಯಿಯಿಂದ ಮಗುವಿಗೆ ಆಕ್ಸಿಜನ್, ಆಹಾರ ತಲುಪಿಸುವ ಪ್ಲಾಸೆಂಟಾ ಮೇಲೆ, ಕೂರುತ್ತದೆ. ಮಾಸು ಗಟ್ಟಿಯಾಗಿ, ಅದರಲ್ಲಿ ರಕ್ತ ಓಡದ ಹಾಗೆ ಆಗುತ್ತದೆ, ಮಗುವಿಗೆ ಸೋಂಕೇ ಇಲ್ಲದಿದ್ದರೂ ಆಕ್ಸಿಜನ್ ಸಿಗುವುದಿಲ್ಲ. ತಾಯಿಗೆ ಬರೀ ನೆಗಡಿ ಕೆಮ್ಮು ಇದ್ದವರಲ್ಲೂ ಇದನ್ನು ಕಂಡಿದ್ದಾರೆ, ಅದರಲ್ಲೂ ಎರಡನೇ ಅಲೆ ತಂದ ಡೆಲ್ಟಾ ತಳಿಯ ಸಮಯದಲ್ಲಿ. ಅಮೆರಿಕದಲ್ಲಿ 2020ರ ಮಾರ್ಚ್‌ನಿಂದ 2021ರ ಸೆಪ್ಟೆಂಬರ್ ತನಕ ಆದ 12 ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕ ತೆಗೆದರು. ಸೋಂಕಿಲ್ಲದ ತಾಯಂದಿರಲ್ಲಿ ಸಾವಿರಕ್ಕೆ ಸುಮಾರು 6 ಮಕ್ಕಳು ಹೊಟ್ಟೆಯಲ್ಲೇ ಹೋಗಿದ್ದರೆ ಸೋಂಕಿದ್ದವರಲ್ಲಿ ಸುಮಾರು 13. ಡೆಲ್ಟಾ ತಿಂಗಳುಗಳಲ್ಲಿ ಮಾತ್ರ ನೋಡಿದರೆ 27. ನಿಮ್ಮ ಅಕ್ಕ ಏನೋ ತಿಂದದ್ದಕ್ಕೆ, ಎಲ್ಲೋ ಹೋಗಿದ್ದಕ್ಕೆ ಹೀಗಾಯಿತು ಅಂತ ಯಾರಾದರೂ ಅಂದಿದ್ದರೆ ಅದನ್ನು ಅವರ ತಲೆಯಿಂದ ದಯವಿಟ್ಟು ತೆಗೆಸಿ.

ತಾಯಂದಿರ ಲೆಕ್ಕವೂ ಹಾಗೆಯೇ. ಮುಂಬೈನ ನಾಯರ್ ಆಸ್ಪತ್ರೆಯಲ್ಲಿ ಐಸಿಎಂಆರ್‌ನವರು, ಅಂದರೆ ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯವರು, ಪಾಸಿಟಿವ್ ಬಸುರಿಯರು, ಬಾಣಂತಿಯರ ದಾಖಲೆ ಇಟ್ಟಿದ್ದರು. ಮೊದಲ ಅಲೆಯಲ್ಲಿ ಅವರಲ್ಲಿ ತೀರಿಕೊಂಡವರು ಶೇ 0.7, ಎರಡನೇ ಅಲೆಯಲ್ಲಿ ಶೇ 5.7. ದೊಡ್ಡ ಆಸ್ಪತ್ರೆ, ಸೀರಿಯಸ್ ಆದವರೇ ಹೆಚ್ಚಾಗಿ ಬರುವ ಜಾಗ, ಆದರೂ ಆ ವ್ಯತ್ಯಾಸ ನೋಡಿ. ನಮ್ಮ ದೇಶದಲ್ಲಿ ಬಸುರಿಯರಿಗೆ ಲಸಿಕೆ ಹಾಕಬಹುದು ಅಂತ ಒಪ್ಪಿಗೆ ಸಿಕ್ಕಿದ್ದು 2021ರ ಜುಲೈ 2ಕ್ಕೆ. ಅಷ್ಟು ಹೊತ್ತಿಗೆ ಆ ಅಲೆ ಇಳಿದಿತ್ತು. ನನಗೆ ಅದರ ಸಂಕಟ ಇನ್ನೂ ಹೋಗಿಲ್ಲ, ಆ ಏಪ್ರಿಲ್, ಮೇನಲ್ಲಿ ನಮ್ಮ ವಾರ್ಡಿನಲ್ಲಿ ಇದ್ದವರು ಯಾರಿಗೂ ಒಂದು ಡೋಸ್ ಕೂಡ ಆಗಿರಲಿಲ್ಲ.

ದಾವಣಗೆರೆ ಅಕ್ಕ, ಈಗಿನದು ಬೇರೆ. 2021ರ ಕೊನೆಗೆ ಬಂದ ಓಮಿಕ್ರಾನ್ ತಳಿ, ಅದರ ಕವಲುಗಳೇ ಈಗ ಓಡಾಡುತ್ತಿರುವುದು, ಡೆಲ್ಟಾದಷ್ಟು ಶ್ವಾಸಕೋಶ ಹಿಡಿಯುವುದಿಲ್ಲ. ನಿಮ್ಮ ತಂಗಿಗೆ ಎರಡು ಡೋಸ್ ಆಗಿದೆ, ನಡುವೆ ಒಂದೆರಡು ಸಲ ಗೊತ್ತಿಲ್ಲದೆ ಬಂದು ಹೋಗಿರಲೂಬಹುದು. ಅವಳ ಹಾಗೆ ಉಸಿರು ಚೆನ್ನಾಗಿರುವವರು ಹೆಚ್ಚಿನವರು ಮನೆಯಲ್ಲೇ ಗುಣವಾಗುತ್ತಾರೆ. ಆದರೂ ಎರಡು ವಿಷಯಕ್ಕೆ ನಾವು ಕಣ್ಣಿಟ್ಟಿರುತ್ತೇವೆ. ಒಂದು ಬಿಪಿ. 18 ದೇಶಗಳಲ್ಲಿ ಮಾಡಿದ ಅಧ್ಯಯನವೊಂದರಲ್ಲಿ ಸೋಂಕಿದ್ದ ಬಸುರಿಯರಿಗೆ ಬಿಪಿ ಏರಿ ನಂಜಾಗುವುದು (ಪ್ರಿಎಕ್ಲಾಂಪ್ಸಿಯಾ) ಮುಕ್ಕಾಲು ಪಾಲು ಜಾಸ್ತಿ ಕಂಡಿತ್ತು. ಇನ್ನೊಂದು, ದಿನ ತುಂಬುವ ಮೊದಲೇ ಹೆರಿಗೆ ಆಗುವುದು. ಪಾಸಿಟಿವ್ ತಾಯಂದಿರ ಮಕ್ಕಳು ಎನ್‌ಐಸಿಯುಗೆ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ, ಹೋಗಿದ್ದು ಬಹಳ ಸಲ ಇದೇ ಕಾರಣಕ್ಕೆ, ತೂಕ ಕಡಿಮೆ, ಉಸಿರು ಇನ್ನೂ ಬಲಿತಿಲ್ಲ ಅಂತ. ನಿಮ್ಮವಳಿಗೆ 36 ವಾರ ಆಗಿರುವುದು ಒಳ್ಳೆಯದೇ ಆಯಿತು.

ಎದೆಹಾಲಿನ ಬಗ್ಗೆ ತುಂಗಾ ಅವರು ಬರೆದದ್ದು ಸರಿ. ಹಾಲಿನಿಂದ ಸೋಂಕು ಹರಡುವುದಿಲ್ಲ. ರೋಗದ ವಿರುದ್ಧ ತಾಯಿಯ ಮೈಯಲ್ಲಿ ಹುಟ್ಟಿದ ಪ್ರತಿಕಾಯಗಳೇ ಹಾಲಿನಲ್ಲಿ ಮಗುವಿಗೆ ಹೋಗುತ್ತವೆ, ಮಾಸಿನ ಮೂಲಕ ಹುಟ್ಟುವ ಮೊದಲೇ ಒಂದಷ್ಟು ಹೋಗಿರುತ್ತವೆ. ಹಾಲು ಕೊಡುವಾಗ ತಾಯಿ ಮಾಸ್ಕ್ ಹಾಕಿಕೊಳ್ಳಲಿ, ಕೈ ಸೋಪಿನಲ್ಲಿ ತೊಳೆದುಕೊಳ್ಳಲಿ. ಕೂರುವುದಕ್ಕೂ ಆಗದಷ್ಟು ಸುಸ್ತಿದ್ದರೆ ಹಾಲು ಹಿಂಡಿ ಒಳಲೆಯಲ್ಲಿ ಅಜ್ಜಿ ಕುಡಿಸಬಹುದು. ಮಗುವಿಗೆ ಮಾತ್ರ ಮಾಸ್ಕ್ ಹಾಕಬೇಡಿ, ಉಸಿರು ಕಟ್ಟುತ್ತದೆ.

ದಾವಣಗೆರೆ ಅಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಬ್ಬಿ ಆಗಲೇ ಎತ್ತಿಟ್ಟೆ. ಆಕ್ಸಿಮೀಟರ್ ಸಿಕ್ಕಿತು, 98 ತೋರಿಸುತ್ತಿದೆ, ಮಗು ಚೆನ್ನಾಗಿ ಒದೆಯುತ್ತಿದೆ ಅಂದಳು. ಕೋಲಾರದ ಅಣ್ಣ, ನೀವು ಬರೆದದ್ದು ಓದಿದ ಮೇಲೆ ಅವಳಿಗೆ ಮಗುವಿನ ಆಟ ಗಮನಿಸುತ್ತಿರು ಅಂತ ಹೇಳಿದ್ದೇನೆ, ನಿಮ್ಮ ಅಕ್ಕನಿಗೆ ನಮ್ಮ ನಮಸ್ಕಾರ ತಿಳಿಸಿ. ಡಾಕ್ಟರೇ, ಇನ್ನೊಂದೇ ಪ್ರಶ್ನೆ. ಪಾಸಿಟಿವ್ ಇರುವಾಗಲೇ ನೋವು ಬಂದರೆ ಸಿಸೇರಿಯನ್ನೇ ಮಾಡಬೇಕಾ? ಪಕ್ಕದ ಮನೆಯವರು ಹಾಗೆ ಹೇಳಿದರು.

ಹೆರಿಗೆ ಡಾಕ್ಟರ್, ಹುಬ್ಬಳ್ಳಿ

ಬೇಕಿಲ್ಲ. ಕೊರೊನಾ ಇದೆ ಅನ್ನುವುದೊಂದೇ ಸಿಸೇರಿಯನ್‌ಗೆ ಕಾರಣ ಅಲ್ಲ. ಮಗು ತಿರುಗಿದೆಯಾ, ಎದೆಬಡಿತ ಹೇಗಿದೆ, ತಾಯಿಗೆ ಉಸಿರಾಡಲು ಆಗುತ್ತಿದೆಯಾ, ಇದನ್ನೆಲ್ಲ ನೋಡಿ ಅಲ್ಲಿನವರು ತೀರ್ಮಾನ ಮಾಡುತ್ತಾರೆ. ಸುಮ್ನೆ ಸಿಸೇರಿಯನ್ ಆದರೆ ಸೋಂಕಿರುವ ಮೈಗೆ ಇನ್ನೊಂದು ಹೊರೆ. ಎಲ್ಲಿ ಹೆರಿಗೆ ಅಂತ ಗೊತ್ತು ಮಾಡಿದ್ದೀರೋ ಅಲ್ಲಿಗೆ ಇವತ್ತೇ ಫೋನ್ ಮಾಡಿ ಪಾಸಿಟಿವ್ ಇದೆ ಅಂತ ತಿಳಿಸಿ, ನೋವು ಬಂದ ಮೇಲೆ ಗೇಟಿನಲ್ಲಿ ನಿಂತು ಹೇಳುವ ಹಾಗೆ ಆಗಬಾರದು. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್, ಟೆಸ್ಟ್ ರಿಪೋರ್ಟ್ ಒಂದೇ ಚೀಲದಲ್ಲಿ ಇಟ್ಟಿರಿ. ಜೊತೆಗೆ ಇರುವವರು ಯಾರು ಅಂತ ಈಗಲೇ ಗೊತ್ತು ಮಾಡಿಕೊಳ್ಳಿ, ನೆಗಡಿ ಕೆಮ್ಮು ಇರುವವರು ಬೇಡ.